ಕೀಮೋ ನಡೆಯುವಾಗ ಕಾಡುವ ಮರೆವು

ಪ್ರಶ್ನೆ: ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಈಗ ಕೀಮೋ ನಡೆಯುತ್ತಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ಈಗ ಹಾಲಿನವನ ಲೆಕ್ಕಕ್ಕೂ ತಡವರಿಸುತ್ತಾಳೆ. ಮಾತಿನ ಮಧ್ಯೆ ಪದ ಸಿಗದೆ ಸುಮ್ಮನಾಗಿಬಿಡುತ್ತಾಳೆ. ಮನೆಯವರು ‘ಎಲ್ಲ ಚಿಂತೆಯಿಂದ’ ಅನ್ನುತ್ತಾರೆ. ನಿಜವೇ? ಇದು ವಾಸಿಯಾಗುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಚಿಂತೆಯ ಪಾಲೂ ಇರಬಹುದು, ಆದರೆ ಅದೊಂದೇ ಅಲ್ಲ. ಮೊದಲು ನಿಮ್ಮ ಅಕ್ಕ ಹೇಳುವುದನ್ನು ನಂಬಿ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮಿಶೆಲ್ ಜನೆಲ್ಸಿನ್ಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಇದ್ದ 581 ಮಂದಿಯನ್ನೂ ಕ್ಯಾನ್ಸರ್ ಇಲ್ಲದ 364 ಮಂದಿಯನ್ನೂ ಹೋಲಿಸಿ ನೋಡಿದರು. ಕೀಮೋ ಮುಗಿಯುವ ಹೊತ್ತಿಗೆ ನೆನಪು, ಗಮನ ಗಣನೀಯವಾಗಿ ಕುಗ್ಗಿವೆ ಎಂದವರು ರೋಗಿಗಳಲ್ಲಿ ಶೇ. 45, ಉಳಿದವರಲ್ಲಿ ಶೇ. 10 ಮಾತ್ರ. ಆರು ತಿಂಗಳ ಮೇಲೂ ರೋಗಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಅದನ್ನೇ ಹೇಳಿದರು.

ಆದರೂ ಆಸ್ಪತ್ರೆಯ ನೆನಪಿನ ಪರೀಕ್ಷೆಯಲ್ಲಿ ಎಷ್ಟೋ ಸಲ ‘ನಾರ್ಮಲ್’ ಎಂದೇ ಬರುತ್ತದೆ. ಅದು ನಿಶ್ಶಬ್ದ ಕೋಣೆ, ಒಂದು ಸಲಕ್ಕೆ ಒಂದೇ ಕೆಲಸ. ಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಫೋನ್ ಬರುತ್ತದೆ, ಮಗು ಏನೋ ಕೇಳುತ್ತದೆ. ಬದುಕು ಹದಗೆಡುವುದು ಇಲ್ಲಿ. ರಿಪೋರ್ಟ್ ಸರಿಯಿದೆ ಎಂದು ಅವರ ದೂರನ್ನು ತಳ್ಳಿಹಾಕುವುದು ಅನ್ಯಾಯ.

ಕಾರಣ ಒಂದಲ್ಲ. ಕೀಮೋದಿಂದ ದೇಹದಲ್ಲೇಳುವ ಉರಿಯೂತದ ರಾಸಾಯನಿಕಗಳು ಮಿದುಳಿನ ಕೆಲಸವನ್ನು ಮಂದ ಮಾಡಬಲ್ಲವು. ರಕ್ತ ಕಡಿಮೆಯಾಗುತ್ತದೆ, ಮುಟ್ಟು ಹಠಾತ್ತನೆ ನಿಲ್ಲಬಹುದು, ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುತ್ತದೆ. ಕೆಲವರಲ್ಲಂತೂ ಕೀಮೋ ಶುರುವಾಗುವ ಮೊದಲೇ ಇಂಥ ಮಂಕು ಕಂಡಿದೆ. ಕಾರಣ ಹಲವಿರುವುದರಿಂದಲೇ ಸರಿಪಡಿಸಬಹುದಾದವೂ ಇವೆ. ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ನೋಡಬೇಕೇ ಎಂದು ವೈದ್ಯರನ್ನು ಕೇಳಿ. ನಿದ್ದೆ, ಖಿನ್ನತೆಯ ಬಗ್ಗೆಯೂ ಹೇಳಿ.

ಮರೆವಿಗೆಂದೇ ಖಚಿತವಾಗಿ ಫಲ ಕೊಡುವ ಮಾತ್ರೆ ಇನ್ನೂ ಇಲ್ಲ. ದಿನಾ ಕೈಲಾದಷ್ಟು ನಡೆಯುವುದು ಸುಸ್ತನ್ನು ಇಳಿಸುತ್ತದೆ. ಒಂದೇ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡಲಿ. ಮೂರು ವಾರಕ್ಕೊಮ್ಮೆ ಕೀಮೋ ಇದ್ದರೆ ಸಾಮಾನ್ಯವಾಗಿ ಮೂರನೇ ವಾರ ಹಗುರ. ಲೆಕ್ಕಪತ್ರ, ಬ್ಯಾಂಕಿನ ಕೆಲಸ ಆಗ ಇಟ್ಟುಕೊಳ್ಳಲಿ. ಆ ಲೆಕ್ಕವನ್ನು ಅವರ ಕೈಯಿಂದ ಕಸಿಯಬೇಡಿ, ಪಕ್ಕದಲ್ಲಿ ಕೂತು ಜೊತೆಗೆ ನೋಡಿ.

ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಳಲ್ಲಿ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ. ಇದು ಅಲ್ಝೈಮರ್ಸ್ ಅಲ್ಲ. ಮರೆವಿಗೆ ಹೆದರಿ ಕೀಮೋವನ್ನು ನೀವಾಗಿಯೇ ನಿಲ್ಲಿಸಬೇಡಿ. ಆದರೆ ಜ್ವರ, ದಿಢೀರ್ ಗೊಂದಲ, ಫಿಟ್ಸ್, ತೀವ್ರ ತಲೆನೋವು, ಕೈಕಾಲಿನ ನಿತ್ರಾಣ ಕಂಡರೆ ಮುಂದಿನ ಭೇಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಸಲ ಕೀಮೋಗೆ ಹೋಗುವಾಗ ನೀವೂ ಜೊತೆಗೆ ಹೋಗಿ, ನನಗೆ ಬರೆದದ್ದನ್ನೆಲ್ಲ ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ.