ಅರ್ಜಿಯೂ ಒಂದು ವಾಗ್ದಾನ

ಮನುಷ್ಯನು ತನ್ನ ಮೊದಲ ಭಾಷೆಯನ್ನು ಯಾರಿಗೂ ಅರ್ಜಿ ಬರೆದುಕೊಳ್ಳದೆ ಪಡೆಯುತ್ತಾನೆ. ತಾಯಿಯ ಮಡಿಲು, ಮನೆಯ ಅಂಗಳ, ಓಣಿಯ ಆಟ ಇವೇ ಅವನ ಪಾಠಶಾಲೆ. ಅಲ್ಲಿ ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ಕೊನೆಯ ದಿನಾಂಕವೂ ಇಲ್ಲ. ಆದರೆ ಬೆಳೆದ ಮೇಲೆ ಮತ್ತೊಂದು ಭಾಷೆಯನ್ನು ಕ್ರಮವಾಗಿ ಕಲಿಯಬೇಕೆಂದರೆ ಒಂದು ಬಾಗಿಲನ್ನು ತಟ್ಟಬೇಕಾಗುತ್ತದೆ. ಹಾಗೆ ತಟ್ಟುವುದಕ್ಕೇ ಅರ್ಜಿ ಎಂದು ಹೆಸರು. ಅನೇಕರು ಇದನ್ನು ಬೇಡುವ ಕಾಗದವೆಂದು ಭಾವಿಸಿ ಸಂಕೋಚಪಡುತ್ತಾರೆ. ಇನ್ನು ಕೆಲವರು ಇದನ್ನು ಬರಿಯ ನಮೂನೆಯೆಂದು ತಿಳಿದು ಅವಸರದಲ್ಲಿ ತುಂಬಿ ಕಳುಹಿಸುತ್ತಾರೆ. ಇವೆರಡೂ ಸರಿಯಾದ ತಿಳಿವಳಿಕೆಯಲ್ಲ. ಅರ್ಜಿಯೆಂಬುದು ಕಲಿಯುವವನು ಕಲಿಸುವವರಿಗೆ ಕೊಡುವ ಮಾತು, ಅದೊಂದು ವಾಗ್ದಾನ.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮಾಡದಕೆರೆ ಎಂಬ ಹೋಬಳಿಯಿದೆ. ಈ ಜಿಲ್ಲೆಯ ಹಟ್ಟಿ, ತಾಂಡಾ, ಪೇಟೆಗಳಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿ ಮಾತುಗಳೂ ಕಿವಿಗೆ ಬೀಳುತ್ತವೆ. ಒಂದೇ ಸಂತೆಯಲ್ಲಿ ಮೂರು ಭಾಷೆಗಳಲ್ಲಿ ವ್ಯಾಪಾರ ಮಾಡುವವರು ಇಲ್ಲಿ ಅಪರೂಪವಲ್ಲ. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ತೆಲುಗು ಮನೆಮಾತಿನ ಮನೆತನದಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೇ. ಮನೆಯ ಮಾತು ಒಂದು, ನಾಡಿನ ಮಾತು ಮತ್ತೊಂದು ಆಗಿರುವುದು ಕೊರತೆಯಲ್ಲ, ಅದು ಸಂಪತ್ತು. ಆದರೆ ಕಿವಿಗೆ ಬಿದ್ದ ಮಾತನ್ನು ಓದಿಗೂ ಬರಹಕ್ಕೂ ಏರಿಸಬೇಕಾದರೆ ಶಿಸ್ತಿನ ಶಿಕ್ಷಣ ಬೇಕು. ಅಂತಹ ಶಿಕ್ಷಣಕ್ಕೆ ಶಾಲೆ ಕಾಲೇಜುಗಳ ಬೇಸಿಗೆಯ ಬಿಡುವು ಒಳ್ಳೆಯ ಅವಕಾಶವೆಂಬುದನ್ನು ಜಗತ್ತಿನ ವಿದ್ಯಾಸಂಸ್ಥೆಗಳು ಬಹಳ ಹಿಂದೆಯೇ ಕಂಡುಕೊಂಡವು.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮಿಡ್ಲ್‌ಬರಿ ಎಂಬ ಕಾಲೇಜಿದೆ. 1915ರ ಬೇಸಿಗೆಯಲ್ಲಿ ಅಲ್ಲಿ ಜರ್ಮನ್ ಭಾಷೆಗಾಗಿ ಒಂದು ಶಾಲೆಯನ್ನು ತೆರೆದರು. ಕ್ರಮೇಣ ಬೇರೆ ಭಾಷೆಗಳ ಶಾಲೆಗಳೂ ಅದರೊಡನೆ ಸೇರಿಕೊಂಡವು. ಅಲ್ಲಿಗೆ ಬರುವ ವಿದ್ಯಾರ್ಥಿಗಳು, ತಾವು ಕಲಿಯುತ್ತಿರುವ ಭಾಷೆಯನ್ನಲ್ಲದೆ ಬೇರೊಂದು ಭಾಷೆಯನ್ನು ಶಿಬಿರ ಮುಗಿಯುವವರೆಗೆ ಆಡುವುದಿಲ್ಲವೆಂದು ಪ್ರತಿಜ್ಞೆ ಮಾಡಬೇಕು. ಊಟದ ಮನೆಯಲ್ಲಿ ಉಪ್ಪು ಕೇಳುವಾಗಲೂ, ಆಟದ ಬಯಲಲ್ಲಿ ಗೆಳೆಯನನ್ನು ಕೂಗುವಾಗಲೂ ಆ ಭಾಷೆಯೇ ಗತಿ. ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕಲ್ಲವೇ? ವಾರಕ್ಕೆ ಒಂದೆರಡು ಗಂಟೆಗಳಂತೆ ವರ್ಷಗಟ್ಟಲೆ ಕಲಿತು ಮರೆಯುವುದಕ್ಕಿಂತ, ಕೆಲವು ವಾರಗಳ ಕಾಲ ಒಂದೇ ಭಾಷೆಯಲ್ಲಿ ಮುಳುಗಿರುವುದು ಹೆಚ್ಚು ಫಲಕಾರಿಯೆಂಬುದು ಈ ಪದ್ಧತಿಯ ತತ್ತ್ವ.

ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. 1950ರ ದಶಕದ ನಡುಭಾಗದಿಂದ ಪುಣೆಯ ಡೆಕ್ಕನ್ ಕಾಲೇಜು, ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವನ್ನು ಪಡೆದು, ಭಾಷಾವಿಜ್ಞಾನದ ಬೇಸಿಗೆ ಶಾಲೆಗಳನ್ನು ನಡೆಸಿತು. ದೇಶದ ಬೇರೆ ಬೇರೆ ಕಡೆಗಳ ಯುವ ಅಧ್ಯಾಪಕರು ಅಲ್ಲಿ ತರಬೇತಿ ಪಡೆದರು. ಅದೇ ಕಾಲದಲ್ಲಿ ಅಮೆರಿಕದಿಂದ ಬಂದ ವಿಲಿಯಂ ಬ್ರೈಟ್ ಎಂಬ ವಿದ್ವಾಂಸರು ಆಡುಗನ್ನಡವನ್ನು ಅಭ್ಯಾಸ ಮಾಡಿ, 1958ರಲ್ಲಿ ಅದರ ರಚನೆಯನ್ನು ವಿವರಿಸುವ ಗ್ರಂಥವೊಂದನ್ನು ಪ್ರಕಟಿಸಿದರು. ಕನ್ನಡವನ್ನು ಕಲಿಯಲು ಹೊರಗಿನವರು ಬಂದಂತೆಯೇ ಕನ್ನಡಿಗರೂ ಹೊರಗೆ ಹೋದರು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಅವರು ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದು, 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1973ರಲ್ಲಿ ಅವರು ಇಂಗ್ಲಿಷಿಗೆ ತಂದ ವಚನಗಳು ಬಸವಣ್ಣ, ಅಕ್ಕಮಹಾದೇವಿ, ಅಲ್ಲಮಪ್ರಭುಗಳನ್ನು ಕನ್ನಡ ಬಾರದ ಲೋಕಕ್ಕೆ ಪರಿಚಯಿಸಿದವು. ಒಂದು ವಿದ್ಯಾರ್ಥಿವೇತನದ ಫಲವು ಅದನ್ನು ಪಡೆದವನೊಬ್ಬನಿಗೇ ಸೀಮಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದು ಕನ್ನಡವನ್ನು ಕಲಿಯಲು ಅರ್ಜಿ ಬರೆಯುವವರು ದೂರದೂರದಲ್ಲಿದ್ದಾರೆ ಎಂಬ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. 1961ರಲ್ಲಿ ಸ್ಥಾಪನೆಗೊಂಡ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆಯು ಭಾರತೀಯ ಭಾಷೆಗಳನ್ನು ಆಯಾ ಭಾಷೆಯ ನಾಡಿನಲ್ಲಿಯೇ ಕಲಿಸುವ ವ್ಯವಸ್ಥೆ ಮಾಡಿದೆ. ಅದರ ಕನ್ನಡ ಶಿಕ್ಷಣದ ನೆಲೆ ಮೈಸೂರು. ‘ಬೇಸಿಗೆ’ ಎಂದರೆ ಅವರಿಗೆ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ. ನಮಗಾದರೋ ಆಗ ಮುಂಗಾರು ಮಳೆ. ನಮ್ಮ ಶಾಲೆಗಳು ತೆರೆದಿರುವ ಸಮಯ. ಆ ಶಿಬಿರಕ್ಕೆ ಬರಬೇಕೆನ್ನುವವರು ಹಲವು ತಿಂಗಳು ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ, ತಾವು ಏಕೆ ಕನ್ನಡ ಕಲಿಯಬೇಕೆಂಬುದನ್ನು ಬರೆದು ತಿಳಿಸಬೇಕು. ಶಾಸನ ಓದಲು, ಹಳ್ಳಿಯ ಜೀವನವನ್ನು ಅಭ್ಯಾಸ ಮಾಡಲು, ವಚನಗಳನ್ನು ಮೂಲದಲ್ಲಿ ಅರಿಯಲು, ಅಥವಾ ತಮ್ಮ ಅಜ್ಜ ಅಜ್ಜಿಯರೊಡನೆ ಅವರ ಭಾಷೆಯಲ್ಲಿಯೇ ಮಾತನಾಡಲು ಹೀಗೆ ಕನ್ನಡ ಬೇಕೆನ್ನುವುದಕ್ಕೆ ಕಾರಣಗಳು ಹಲವು ಇರಬಹುದು.

ಮೈಸೂರಿನಲ್ಲಿಯೇ 1969ರ ಜುಲೈ 17ರಂದು ಆರಂಭವಾದ ಭಾರತೀಯ ಭಾಷಾ ಸಂಸ್ಥಾನವು ಮತ್ತೊಂದು ಬಗೆಯ ಕೆಲಸವನ್ನು ಕೈಗೊಂಡಿತು. ಅದರ ಪ್ರಾದೇಶಿಕ ಭಾಷಾ ಕೇಂದ್ರಗಳು, ಒಂದು ರಾಜ್ಯದ ಶಾಲಾ ಶಿಕ್ಷಕರಿಗೆ ಇನ್ನೊಂದು ರಾಜ್ಯದ ಭಾಷೆಯನ್ನು ಹತ್ತು ತಿಂಗಳ ಕಾಲ ಕಲಿಸಲೆಂದು ಏರ್ಪಟ್ಟವು. ಕಲಿಯುವ ಶಿಕ್ಷಕರಿಗೆ ಶಿಷ್ಯವೇತನವೂ ದೊರೆಯಿತು. ಹಿಂದಿಯ ನಾಡಿನಿಂದ ಬಂದ ಗುರುಗಳು ಮೈಸೂರಿನಲ್ಲಿ ಕನ್ನಡದ ಕಾಗುಣಿತ ತಿದ್ದಿದರು. ಕಲಿಸುವವನೂ ಮತ್ತೆ ಕಲಿಯುವವನಾಗುವುದು ಎಷ್ಟು ಸೊಗಸಾದ ಸಂಗತಿ!

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಲಿಯುವವನು ಮತ್ತಾರೋ, ಅವನಿಗೆ ಹಣವನ್ನು ಕೊಡುವವರು ಏಕೆ ಕೊಡಬೇಕು? ದಾನಬುದ್ಧಿಯಿಂದ ಮಾತ್ರವೇ? ಇತಿಹಾಸವನ್ನು ನೋಡಿದರೆ ಹಾಗಿಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕವು ತನ್ನ ಶಿಕ್ಷಣದ ಕೊರತೆಗಳನ್ನು ಕುರಿತು ಚಿಂತಿಸತೊಡಗಿತು. ಮರುವರ್ಷವೇ ಜಾರಿಗೆ ಬಂದ ಶಿಕ್ಷಣ ಕಾಯಿದೆಯೊಂದು ವಿಜ್ಞಾನದ ಜೊತೆಗೆ ಪರಭಾಷೆಗಳ ಕಲಿಕೆಗೂ ಹಣ ಒದಗಿಸಿತು. ಭಾರತೀಯ ಭಾಷೆಗಳನ್ನು ಕಲಿತ ಅನೇಕರಿಗೆ ಆ ನೆರವು ದೊರೆಯಿತು. ನಮ್ಮ ಪ್ರಾದೇಶಿಕ ಭಾಷಾ ಕೇಂದ್ರಗಳ ಹಿಂದಿದ್ದ ಉದ್ದೇಶ ರಾಷ್ಟ್ರದ ಭಾವೈಕ್ಯ. ಕೊಡುವವನಿಗೊಂದು ಉದ್ದೇಶವಿದೆ, ಪಡೆಯುವವನಿಗೂ ಒಂದು ಉದ್ದೇಶವಿದೆ. ಇವೆರಡೂ ಎಲ್ಲಿ ಸಂಧಿಸುತ್ತವೆಂಬುದನ್ನು ತೋರಿಸುವುದೇ ಅರ್ಜಿಯ ಕಾರ್ಯ. ಆದ್ದರಿಂದ ವಿದ್ಯಾರ್ಥಿವೇತನವನ್ನು ಕೇಳುವವನು ತಲೆ ತಗ್ಗಿಸಬೇಕಾಗಿಲ್ಲ. ಹಾಗೆಯೇ ಪಡೆದ ಮೇಲೆ ಅದನ್ನು ಮರೆಯುವಂತೆಯೂ ಇಲ್ಲ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳೋಣ. ಮಾಡದಕೆರೆಯ ಸುತ್ತಿನ ತಾಂಡಾ ಒಂದರಿಂದ ಕಾಲೇಜಿಗೆ ಹೋಗುವ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಅವಳದು ಲಂಬಾಣಿ ಮಾತು, ಓದಿದ್ದು ಕನ್ನಡದಲ್ಲಿ. ದೂರದ ನಗರದಲ್ಲಿ ಬೇಸಿಗೆಯ ಎಂಟು ವಾರ ತೆಲುಗು ಕಲಿಸುವ ಶಿಬಿರವೊಂದಕ್ಕೆ ಅವಳು ಅರ್ಜಿ ಬರೆಯುತ್ತಾಳೆಂದು ಭಾವಿಸೋಣ. ‘ತೆಲುಗು ಬಹಳ ಮಧುರವಾದ ಭಾಷೆ. ನನಗೆ ಚಿಕ್ಕಂದಿನಿಂದಲೂ ಭಾಷೆಗಳಲ್ಲಿ ಅಪಾರ ಆಸಕ್ತಿ. ದಯವಿಟ್ಟು ಅವಕಾಶ ಕೊಡಬೇಕಾಗಿ ಪ್ರಾರ್ಥನೆ’ ಎಂದು ಆಕೆ ಬರೆದಳೆನ್ನಿ. ಇದರಲ್ಲಿ ಸುಳ್ಳಿಲ್ಲ, ತಪ್ಪೂ ಇಲ್ಲ. ಆದರೆ ನೂರು ಜನ ಬರೆಯಬಹುದಾದ ಈ ಮಾತುಗಳಲ್ಲಿ ಅವಳೆಲ್ಲಿದ್ದಾಳೆ?

ಅದರ ಬದಲು ಅವಳು ಹೀಗೆ ಬರೆದರೆ? ‘ನನ್ನ ಮನೆಮಾತು ಲಂಬಾಣಿ. ಅದಕ್ಕೆ ಸ್ವಂತ ಲಿಪಿಯಿಲ್ಲ. ಕರ್ನಾಟಕದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿಯೂ ತೆಲುಗು ನಾಡಿನಲ್ಲಿ ತೆಲುಗು ಲಿಪಿಯಲ್ಲಿಯೂ ಬರೆಯುತ್ತಾರೆ. ನನ್ನ ತಾಯಿ ಹಾಡುವ ಹಾಡುಗಳನ್ನು ನಾನು ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದೇನೆ. ತೆಲಂಗಾಣದ ತಾಂಡಾಗಳ ಹಾಡುಗಳನ್ನು ಇವುಗಳೊಡನೆ ಹೋಲಿಸಿ ನೋಡಬೇಕೆಂಬುದು ನನ್ನ ಆಸೆ. ತೆಲುಗು ನನಗೆ ಕೇಳಿದರೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ; ಓದಲು ಬಾರದು.’ ಈಗ ಓದುವವರ ಮುಂದೆ ಒಬ್ಬ ವ್ಯಕ್ತಿ ನಿಂತಿದ್ದಾಳೆ. ಅವಳಿಗೆ ಏನು ಬರುತ್ತದೆ, ಏನು ಬಾರದು, ಕಲಿತು ಏನು ಮಾಡುತ್ತಾಳೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿದೆ. ತನಗೆ ಬಾರದುದನ್ನು ಬಾರದೆಂದು ಹೇಳಿದ್ದರಿಂದ ಅವಳ ಯೋಗ್ಯತೆ ಕುಗ್ಗಲಿಲ್ಲ. ಯಾವ ತರಗತಿಯಲ್ಲಿ ಕೂಡಿಸಬೇಕೆಂಬುದನ್ನು ತಿಳಿಯಲು ಅದೇ ಸಹಾಯವಾಯಿತು. ಬಾರದ ಭಾಷೆಯನ್ನು ಬರುತ್ತದೆಂದು ಬರೆದವನ ಬಣ್ಣವು ಮೊದಲನೆಯ ಪಾಠದಲ್ಲಿಯೇ ಬಯಲಾಗುತ್ತದೆ.

ಇನ್ನು ಹಣದ ವಿಚಾರ. ಶುಲ್ಕವಿಲ್ಲ ಎಂಬುದಕ್ಕೂ ಖರ್ಚಿಲ್ಲ ಎಂಬುದಕ್ಕೂ ಬಹಳ ಅಂತರವಿದೆ. ಊಟ, ವಸತಿ, ಪುಸ್ತಕ, ಹೋಗಿಬರುವ ಬಸ್ಸು ರೈಲುಗಳ ಟಿಕೆಟ್ಟು ಇವೆಲ್ಲವೂ ಲೆಕ್ಕಕ್ಕೆ ಸೇರಬೇಕು. ಇವುಗಳಿಗಿಂತ ದೊಡ್ಡದಾದ, ಯಾವ ನಮೂನೆಯಲ್ಲಿಯೂ ಕಾಣದ ಮತ್ತೊಂದು ಖರ್ಚಿದೆ. ಬೇಸಿಗೆಯ ರಜೆಯೆಂದರೆ ಎಷ್ಟೋ ಮನೆಗಳಲ್ಲಿ ಮಕ್ಕಳು ಕೂಲಿಗೆ ಹೋಗಿ ಮುಂದಿನ ವರ್ಷದ ಪುಸ್ತಕಕ್ಕೂ ಬಟ್ಟೆಗೂ ಕಾಸು ಕೂಡಿಸುವ ಕಾಲ. ಎಂಟು ವಾರ ಶಿಬಿರಕ್ಕೆ ಹೋದರೆ ಎಂಟು ವಾರದ ಕೂಲಿಯೂ ಹೋದಂತೆಯೇ. ತಂದೆತಾಯಿಗಳು ‘ಬೇಡ ಮಗಳೇ’ ಎಂದರೆ ಅದು ವಿದ್ಯೆಯ ಮೇಲಿನ ಅನಾದರವಲ್ಲ, ಒಲೆಯ ಚಿಂತೆ. ಆದುದರಿಂದ ವಿದ್ಯಾರ್ಥಿಯು ಮನೆಯವರೊಡನೆ ಕುಳಿತು ಲೆಕ್ಕ ಹಾಕಿ, ಎಷ್ಟು ನೆರವು ಬೇಕೆಂಬುದನ್ನು ಹೆಚ್ಚಿಸದೆ, ಮರೆಮಾಚದೆ ಬರೆಯಬೇಕು. ಇದನ್ನು ಬರೆಯಲು ನಾಚಿಕೆಪಟ್ಟು ಅವಕಾಶವನ್ನೇ ಬಿಟ್ಟವರು ಬಹಳ. ವಿದ್ಯಾರ್ಥಿವೇತನವು ಹುಟ್ಟಿದ್ದೇ ಈ ಅಂತರವನ್ನು ತುಂಬುವುದಕ್ಕಾಗಿ.

ಅರ್ಜಿಯ ಹೊರಗಿನ ಶಿಸ್ತನ್ನೂ ಅಲಕ್ಷಿಸಬಾರದು. ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಓದಬೇಕು. ವಯಸ್ಸು, ತರಗತಿ, ಆದಾಯದ ಮಿತಿ ಇವು ತನಗೆ ಹೊಂದುತ್ತವೆಯೇ ಎಂದು ನೋಡಬೇಕು. ಅಂಕಪಟ್ಟಿ, ಆದಾಯದ ಪ್ರಮಾಣಪತ್ರ, ಬ್ಯಾಂಕಿನ ಖಾತೆ ಇವು ಒಂದು ದಿನದಲ್ಲಿ ಸಿದ್ಧವಾಗುವಂಥವಲ್ಲ. ಗುರುಗಳ ಶಿಫಾರಸು ಪತ್ರ ಬೇಕಾದರೆ ಎರಡು ಮೂರು ವಾರ ಮುಂಚೆಯೇ ಕೇಳಬೇಕು. ಕೇಳುವಾಗ ತಾನು ಬರೆದ ಅರ್ಜಿಯ ಪ್ರತಿಯನ್ನೂ ಅವರ ಕೈಗೆ ಕೊಡಬೇಕು. ನಾನು ಉಪಾಧ್ಯಾಯನಾಗಿದ್ದ ವರ್ಷಗಳಲ್ಲಿ, ಕೊನೆಯ ದಿನದ ಸಂಜೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಜಾಣ ಹುಡುಗರು ಕಡಮೆಯಿರಲಿಲ್ಲ. ಅಂಥವರಿಗೆ ಅವಸರದ ನಾಲ್ಕು ಸಾಲು ಸಿಗಬಹುದು, ಮನಸ್ಸಿಟ್ಟು ಬರೆದ ಪತ್ರ ಸಿಗಲಾರದು. ಬಾಯಾರಿದಾಗ ಬಾವಿ ತೋಡಬಾರದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಅಭ್ಯಾಸವು ಹೈಸ್ಕೂಲಿನಲ್ಲಿಯೇ ಆರಂಭವಾಗಬಹುದು. 2008ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಪ್ರತಿಭಾ ಹಾಗೂ ಆರ್ಥಿಕ ಅಗತ್ಯ ಆಧಾರಿತ ವಿದ್ಯಾರ್ಥಿವೇತನ ಯೋಜನೆಯು ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಬಡ ವಿದ್ಯಾರ್ಥಿಗಳಿಗಾಗಿಯೇ ಇದೆ. 8ನೆಯ ತರಗತಿಯಲ್ಲಿ ಅದರ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದವರಿಗೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಗಳು ದೊರೆಯುತ್ತವೆ. ಈ ಮೊತ್ತ ಭಾಷಾ ಕಲಿಕೆಗೆಂದೇ ಕೊಡುವುದಲ್ಲ. ಆದರೆ ಇಂತಹ ಒಂದು ಅರ್ಜಿಯನ್ನು ತಾನೇ ತುಂಬಿ ಕಳುಹಿಸಿದ ಮಗು, ಮುಂದೆ ದೊಡ್ಡ ಅರ್ಜಿಯ ಮುಂದೆ ಹೆದರುವುದಿಲ್ಲ.

ಅರ್ಜಿ ಹಾಕಿದವರೆಲ್ಲರೂ ಆಯ್ಕೆಯಾಗುವುದಿಲ್ಲವೆಂಬುದೂ ಸತ್ಯ. ಸ್ಥಾನಗಳು ಕೆಲವು, ಕೇಳುವವರು ಹಲವರು. ಆಯ್ಕೆಯಾಗದಿದ್ದರೆ ಅರ್ಜಿಯ ಪ್ರತಿಯನ್ನು ಮತ್ತೆ ಓದಿ, ಎಲ್ಲಿ ಮಾತು ಮಸುಕಾಗಿದೆಯೆಂದು ಗುರುಗಳೊಡನೆ ವಿಚಾರಿಸಿ, ಮರುವರ್ಷ ಪುನಃ ಬರೆಯಬೇಕು. ಇಷ್ಟಕ್ಕೂ ತಾನು ಏಕೆ ಕಲಿಯಬೇಕೆಂಬುದನ್ನು ತಿಳಿಯಾಗಿ ಬರೆಯಲು ಕಲಿತವನಿಗೆ ಆ ಶ್ರಮ ನಷ್ಟವಾಗಲಿಲ್ಲ. ಶಿಬಿರ ದೊರೆಯದಿದ್ದರೂ ನೆರೆಮನೆಯ ತೆಲುಗು ಅಜ್ಜಿ ಇದ್ದಾಳೆ, ಸಂತೆಯ ಉರ್ದು ವ್ಯಾಪಾರಿ ಇದ್ದಾನೆ. ಅವರ ಮುಂದೆ ಕುಳಿತುಕೊಳ್ಳಲು ಯಾವ ಸಮಿತಿಯ ಒಪ್ಪಿಗೆಯೂ ಬೇಡ.

ವಾಗ್ದಾನದ ಬೆಲೆ ತಿಳಿಯುವುದು ಅದನ್ನು ನಡೆಸಿದಾಗ. ಫರ್ಡಿನಾಂಡ್ ಕಿಟೆಲ್ ಅವರು 1853ರಲ್ಲಿ ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಕೆಲಸಕ್ಕಾಗಿ ಕನ್ನಡ ನಾಡಿಗೆ ಬಂದರು. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಬಂದವರು ಧರ್ಮಪ್ರಚಾರಕ್ಕೆಂದು, ಆದರೆ ಕಲಿತ ಭಾಷೆಗೆ ಅವರು ಹಿಂದಿರುಗಿಸಿದ್ದು ಕನ್ನಡಿಗರೆಲ್ಲರೂ ಇಂದಿಗೂ ತೆರೆದು ನೋಡುವ ಒಂದು ಪದಭಂಡಾರವನ್ನು. ಎಲ್ಲರೂ ನಿಘಂಟು ಬರೆಯಬೇಕಾಗಿಲ್ಲ. ಕಲಿತ ಭಾಷೆಯಿಂದ ಒಂದು ಕಥೆಯನ್ನು ತಂದು ತನ್ನ ಊರಿನ ಮಕ್ಕಳಿಗೆ ಹೇಳಿದರೂ, ತಾಯಿಯ ಹಾಡೊಂದನ್ನು ಇನ್ನೊಂದು ನಾಡಿಗೆ ಮುಟ್ಟಿಸಿದರೂ ಕೊಟ್ಟ ಮಾತು ನಡೆದಂತೆಯೇ. ದೂರದವರು ನಮ್ಮ ಕನ್ನಡಕ್ಕಾಗಿ ಅರ್ಜಿ ಬರೆಯುತ್ತಿರುವಾಗ, ನಾವು ನಮ್ಮ ಭಾಷೆಯ ಬೆಲೆಯನ್ನು ಅರಿತು, ಇತರರ ಭಾಷೆಯ ಬಾಗಿಲಿಗೂ ಗೌರವದಿಂದ ಹೋಗಿ ನಿಲ್ಲಬೇಕು.

ಅಭ್ಯಾಸ

1. ಮೊದಲ ಭಾಷೆಯನ್ನು ಪಡೆಯುವುದಕ್ಕೂ ಇನ್ನೊಂದು ಭಾಷೆಯನ್ನು ಕಲಿಯುವುದಕ್ಕೂ ಇರುವ ಅಂತರವೇನು?
2. ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರಗಳು ಯಾವ ಉದ್ದೇಶದಿಂದ ಏರ್ಪಟ್ಟವು?
3. ‘ಶುಲ್ಕವಿಲ್ಲ ಎಂಬುದಕ್ಕೂ ಖರ್ಚಿಲ್ಲ ಎಂಬುದಕ್ಕೂ ಬಹಳ ಅಂತರವಿದೆ.’ ಈ ಮಾತನ್ನು ವಿವರಿಸಿ.
4. ತಾಂಡಾದ ಹೆಣ್ಣುಮಗಳ ಎರಡು ಅರ್ಜಿಗಳಲ್ಲಿ ಯಾವುದು ಮೇಲು? ಏಕೆ?
5. ನೀವು ಕಲಿಯಬೇಕೆಂದಿರುವ ಭಾಷೆಯೊಂದನ್ನು ಆರಿಸಿಕೊಂಡು, ನಿಮಗೆ ಏನು ಬರುತ್ತದೆ, ಏನು ಬಾರದು, ಕಲಿತು ಏನು ಮಾಡುವಿರಿ ಎಂಬುದನ್ನು ತಿಳಿಸುವ ಅರ್ಜಿಯೊಂದನ್ನು ಬರೆಯಿರಿ.