ಮಂಜಿನಲ್ಲಿ ಕಬ್ಬಿನ ಗಾಡಿ



ನುರಿಸುವ ಹಂಗಾಮೂ ಥಂಡಿಯೂ ಕೂಡಿಯೇ ಬರುತ್ತವೆ. ನಸುಕಿನಲ್ಲಿ ಮಂಜು ಕವಿದಾಗ ಹಿಂದಿನಿಂದ ಬರುವ ಲಾರಿಯವನಿಗೆ ನಿಮ್ಮ ಗಾಡಿ ತೀರ ಹತ್ತಿರ ಬರುವವರೆಗೆ ಕಾಣದು. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಬಂದಿರುತ್ತದೆ. ಟ್ರೇಲರಿಗೆ ಕೆಂಪು ರಿಫ್ಲೆಕ್ಟರ್ ಇದೆಯೆಂದು ಸುಮ್ಮನಿರಬೇಡಿರಿ. ಹೊರಚಾಚಿದ ಕಬ್ಬು ಅದನ್ನು ಮುಚ್ಚಿದ್ದರೆ ಇದ್ದೂ ಇಲ್ಲದಂತೆ. ಹೇರಿದ ಮೇಲೆ ಹಿಂದೆ ಹೋಗಿ ನಿಂತು ನೋಡಿರಿ, ಇಬ್ಬನಿ, ಧೂಳು ಒರೆಸಿರಿ. ಚಕ್ಕಡಿಗೂ ಪಟ್ಟಿ ಅಂಟಿಸಿರಿ. ಪಂಕ್ಚರಾದರೆ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿರಿ. ಗಾಲಿಗೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಚಾಳಿ ಬಹಳ ಕೆಟ್ಟದ್ದು.

"ತಡವಾದರೆ ತೂಕ ಹೋಗುತ್ತದೆ" ಎನ್ನುವಿರಿ. ಕಡಿದ ಕಬ್ಬು ಒಣಗುವುದು ನಿಜ. ಆದರೆ ಬೇಸಿಗೆಯಷ್ಟು ಬೇಗ ಥಂಡಿಯಲ್ಲಿ ತೂಕವಾಗಲಿ ಸಕ್ಕರೆಯಾಗಲಿ ಇಳಿಯುವುದಿಲ್ಲ. ಮಂಜು ದಟ್ಟವಾಗಿದ್ದರೆ ಬಿಸಿಲು ಬೀಳುವವರೆಗೆ ಎರಡು ತಾಸು ಹೊಲದಲ್ಲೇ ತಡೆಯಿರಿ.