ಎಳೆದಾಗ ಕೊಯ್ಯುವ ಗರಗಸ

ಆನ್‌ಲೈನಿನಲ್ಲಿ ತರಿಸಿಕೊಂಡ ಜಪಾನಿ ಗರಗಸ ವಾರದೊಳಗೆ ಅಲಗು ಸೊಟ್ಟಗಾಗಿ, ನಾಲ್ಕು ಹಲ್ಲು ಉದುರಿಸಿಕೊಂಡು ಅಟ್ಟ ಸೇರುವುದುಂಟು. 'ತಗಡು ತೀರಾ ತೆಳು, ಮಾಲು ಸರಿಯಿಲ್ಲ' ಎಂಬುದು ಕೊಂಡವರ ದೂರು. ಮಾಲು ಬಹುಪಾಲು ಸರಿಯಾಗಿಯೇ ಇರುತ್ತದೆ. ಹ್ಯಾಕ್ಸಾ ಹಿಡಿದು ಪಳಗಿದ ಕೈ ಇದನ್ನೂ ಮುಂದಕ್ಕೆ ಒತ್ತಿರುತ್ತದೆ, ಅಷ್ಟೆ.

ಜಪಾನಿನಲ್ಲಿ ಗರಗಸಕ್ಕೆ ನೊಕೊಗಿರಿ ಎನ್ನುತ್ತಾರೆ. ಇದರ ಹಲ್ಲುಗಳು ಹಿಡಿಯ ಕಡೆಗೆ ಬಾಗಿರುತ್ತವೆ. ಎಳೆದ ಹಗ್ಗ ತಾನಾಗಿ ನೆಟ್ಟಗಾಗುವಂತೆ ಎಳೆತದಲ್ಲಿ ಅಲಗೂ ನೆಟ್ಟಗಾಗುವುದರಿಂದ ಅರ್ಧ ಮಿಲಿಮೀಟರಿನಷ್ಟು ದಪ್ಪವಿದ್ದರೂ ನಡೆಯುತ್ತದೆ. ಒತ್ತಿ ಕೊಯ್ಯುವ ಗರಗಸ ಬಾಗಬಾರದೆಂದರೆ ಅಲಗು ದಪ್ಪವಿರಲೇಬೇಕು. ಹ್ಯೋಗೊ ಪ್ರಾಂತ್ಯದ ಮಿಕಿ ಪಟ್ಟಣ ಬಡಗಿ ಸಲಕರಣೆಗೆ ಹೆಸರುವಾಸಿ. ಮರ ಸವರುವ 'ಸಿಲ್ಕಿ' ಗರಗಸದ ತಯಾರಕರು ಇರುವುದು ಅದೇ ಪ್ರಾಂತ್ಯದ ಒನೊದಲ್ಲಿ.

ಮೊದಲ ಸಲ ಕೊಳ್ಳುವವರಿಗೆ 240 ಮಿಲಿಮೀಟರಿನ ರ್ಯೋಬಾ ಸಾಕು. ಅದರ ಎರಡೂ ಅಂಚಿನಲ್ಲಿ ಹಲ್ಲುಗಳಿವೆ: ಸಣ್ಣವು ನಾರಿಗೆ ಅಡ್ಡ ಕೊಯ್ಯಲು, ದೊಡ್ಡವು ನಾರಿನುದ್ದಕ್ಕೆ ಸೀಳಲು. ಬೆನ್ನಿಗೆ ಪಟ್ಟಿ ಕಟ್ಟಿದ ದೊಜುಕಿ ನಾಜೂಕಾದ ಸಂದು ಕೆಲಸದ್ದು. ಅಲಗು ಇನ್ನೂ ತೆಳು, ಮರದೊಳಗೆ ಪಟ್ಟಿ ತಾಗಿದಲ್ಲಿಗೆ ಕೊಯ್ತ ನಿಲ್ಲುತ್ತದೆ. ಅಂಗಡಿಯವರು ಎಷ್ಟೇ ಹೊಗಳಿದರೂ ಹೊಸಬರು ಅದನ್ನು ಎರಡನೆಯ ಖರೀದಿಗೆ ಇಟ್ಟುಕೊಳ್ಳುವುದು ಲೇಸು.

ಗುರುತಿನ ಗೆರೆ ಎಳೆದು, ಮರವನ್ನು ಅಲುಗಾಡದಂತೆ ಬಿಗಿದುಕೊಳ್ಳಿ. ಜಪಾನಿನ ಬಡಗಿಗಳು ಗಿಡ್ಡ ಆಸರೆಯ ಮೇಲೆ ಮರವಿಟ್ಟು ಪಾದದಿಂದ ಅದುಮಿ ಹಿಡಿಯುವುದು ರೂಢಿ. ಅಭ್ಯಾಸವಿಲ್ಲದವರು ಕ್ಲ್ಯಾಂಪ್ ಬಳಸಲಿ. ಅಲಗಿನ ಹಿಡಿಯ ಬದಿಯ ಹಲ್ಲುಗಳನ್ನು ಗೆರೆಗೆ ತಾಗಿಸಿ, ಹೆಬ್ಬೆರಳಿನ ಗೆಣ್ಣನ್ನು ಹಲ್ಲಿಗಿಂತ ಮೇಲೆ ಅಲಗಿಗೆ ಆನಿಸಿ, ಮೆಲ್ಲಗೆ ಎರಡು ಮೂರು ಸಲ ಎಳೆಯಿರಿ. ಗೀರು ಬಿದ್ದಮೇಲೆ ಎರಡೂ ಕೈ ಹಿಡಿಗೆ ಹೋಗಲಿ.

ಎಡವಟ್ಟಾಗುವುದು ಇಲ್ಲಿಂದ ಮುಂದೆ. ಎಳೆಯುವುದನ್ನು ಎಲ್ಲರೂ ಸರಿಯಾಗಿಯೇ ಎಳೆಯುತ್ತಾರೆ; ಅಲಗು ಹಾಳಾಗುವುದು ಅದನ್ನು ಮರಳಿ ಮುಂದಕ್ಕೆ ಕಳಿಸುವಾಗ. ಆ ಹೊತ್ತಿಗೆ ಗರಗಸದ ಮೇಲೆ ಕೈಭಾರ ಬೀಳಕೂಡದು. ಅದು ಬಂದ ದಾರಿಯಲ್ಲೇ ಹಗುರಾಗಿ ಜಾರಿ ಹೋಗಬೇಕು. ಎಲ್ಲೋ ಸಿಕ್ಕಿಕೊಂಡಿತೆಂದು ತಳ್ಳಿದರೆ ಅಲಗು ಮಡಿಚುತ್ತದೆ, ಒಮ್ಮೆ ಮಡಿಚಿದ ಅಲಗು ಮತ್ತೆ ಗೆರೆ ಹಿಡಿಯುವುದು ಕಷ್ಟ. ಸಿಕ್ಕಿಕೊಂಡರೆ ನಿಲ್ಲಿಸಿ, ಗೀರು ಕಚ್ಚಿಕೊಂಡಿದೆಯೇ ನೋಡಿ, ಒಂದು ಸಣ್ಣ ಬೆಣೆ ಕೊಡಿ. ಗೆರೆ ತಪ್ಪಿತೆಂದು ಅಲಗನ್ನು ತಿರುಚಿ ಸರಿಪಡಿಸಲು ಹೋಗುವುದೂ ಇದೇ ಜಾತಿಯ ತಪ್ಪು. ಮರವನ್ನು ಮಗುಚಿ ಇನ್ನೊಂದು ಮಗ್ಗುಲಿನಿಂದ ಕೊಯ್ದರೆ ಎರಡು ಗೀರುಗಳು ತಾವೇ ಕೂಡುತ್ತವೆ. ಬಿಗಿಮುಷ್ಟಿ ಹಿಡಿದವರು ಅರಿವಿಲ್ಲದೆಯೇ ಒತ್ತುತ್ತಾರೆ. ಮೂರು ಬೆರಳಿನ ಬಿಗಿ ಸಡಿಲಿಸಿ ಎಳೆದು ನೋಡಿದರೆ ಅಂತರ ಕಿವಿಗೇ ಕೇಳುತ್ತದೆ: ಕಿರುಗುಟ್ಟುವ ಸದ್ದು ಹೋಗಿ ಒಂದೇ ಸಮನೆ ಸರಸರ ಬರುತ್ತದೆ.

ಇನ್ನೊಂದು ಮಾತು. ಈ ಹಲ್ಲುಗಳು ರೂಪುಗೊಂಡದ್ದು ಸುಗಿ, ಹಿನೊಕಿಯಂಥ ಮೆದು ಮರಗಳಿಗಾಗಿ. ಬೀಟೆ, ಹೊನ್ನೆಗೆ ಹಚ್ಚುವವರು ಗಟ್ಟಿ ಮರಕ್ಕೆಂದೇ ಮಾಡಿದ ಅಲಗು ಕೇಳಿ ತರಬೇಕು. ಹಳೆ ಮನೆಯ ತೊಲೆಯಾದರೆ ಮೊದಲು ಮೊಳೆ ಹುಡುಕಿ.

ಬಡಗಿ ಕೆಲಸದ ರ್ಯೋಬಾವನ್ನು ಹಸಿ ಕೊಂಬೆಗೆ ಹಾಕಬೇಡಿ; ಹಸಿ ಹೊಟ್ಟು ಸಣ್ಣ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಮಾವು, ಸಪೋಟ ಸವರಲು, ಕಾಫಿ ತೋಟದಲ್ಲಿ ಕಪಾತು ಮಾಡಲು ದೊಡ್ಡ ಹಲ್ಲಿನ, ಬಾಗಿದ ಅಲಗಿನ ಗರಗಸ ಬೇರೆಯೇ ಇದೆ. ದಪ್ಪ ಕೊಂಬೆಗೆ ಮೂರು ಕೊಯ್ತ. ಕಾಂಡದಿಂದ ಒಂದಡಿ ಆಚೆ ಅಡಿಯಿಂದ ಕಾಲುಭಾಗ. ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ. ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ ಕೊನೆಗೆ. ಮೊದಲನೆಯದನ್ನು ಬಿಟ್ಟರೆ ಕೊಂಬೆ ತನ್ನ ಭಾರಕ್ಕೇ ಮುರಿದು ಕಾಂಡದ ತೊಗಟೆ ಸೀಳಿಕೊಂಡು ಬೀಳುತ್ತದೆ. ಆ ಉಬ್ಬನ್ನು ಏಕೆ ಉಳಿಸಬೇಕೆಂದು ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೊ. ಗಾಯ ಮುಚ್ಚಿಕೊಳ್ಳುವ ಅಂಗಾಂಶ ಹೊರಡುವುದು ಅಲ್ಲಿಂದಲೇ.

ಎಡಗೈಗೆ ಕೈಗವಸು ಇರಲಿ, ಬಲಗೈಗಿಲ್ಲದಿದ್ದರೂ. ಎತ್ತರದ ಕೊಂಬೆಗೆ ಗರಗಸವನ್ನು ಗಳುವಿಗೆ ಕಟ್ಟಿ ಎಳೆಯುವಾಗ ಕೊಂಬೆಯ ನೇರ ಕೆಳಗೆ ನಿಲ್ಲಬೇಡಿ. ವಿದ್ಯುತ್ ತಂತಿಯ ಹತ್ತಿರ ಗಳುವನ್ನು ಎತ್ತಲೇಬೇಡಿ.

ಕೆಲಸ ಮುಗಿದಮೇಲೆ ಅಂಟು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿಡಿ. ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದು ಕ್ಷಣಮಾತ್ರದ ಕಾವಿನಿಂದ ಗಡುಸುಗೊಳಿಸಿದ್ದು, ಅರ ಹಿಡಿಯುವುದಿಲ್ಲ. ಮೊಂಡಾದರೆ ಅಲಗನ್ನೇ ಬದಲಿಸಬೇಕು. ಬದಲಿ ಅಲಗು ಸಿಗುತ್ತದೆಯೇ ಎಂದು ಗರಗಸ ಕೊಳ್ಳುವ ದಿನವೇ ಕೇಳಿಕೊಳ್ಳಿ.